ಮೇಸ್ತ್ರಿ ನನ್ನ ಕೈಗೆ ಕೊಟ್ಟ ಕಲ್ಲು

ಇಂಜಿನಿಯರಿಂಗ್ ಓದಿದ ಹುಡುಗರು ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾಕೆ ಅಷ್ಟು ಒದ್ದಾಡುತ್ತಾರೆ, ನಾವು ಅವರಿಗೆ ಏನನ್ನು ಕಲಿಸದೆ ಬಿಟ್ಟಿದ್ದೇವೆ, ಒಂದು ಟಿಪ್ಪಣಿ ಬರೆದುಕೊಡಿ ಎಂದು ನಮ್ಮ ಪ್ರಿನ್ಸಿಪಾಲರು ಕೇಳಿದರು. ಸ್ವಾತಂತ್ರ್ಯ ಬಂದ ಹೊಸತು ಅದು. ಅಣೆಕಟ್ಟು, ಕಾಲುವೆ, ರಸ್ತೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ನಾನು ಕಚೇರಿಯ ಕೆಲಸ ಬಿಟ್ಟು ಕಾಲೇಜಿನಲ್ಲಿ ಪಾಠ ಹೇಳಲು ಸೇರಿ ಎರಡು ವರ್ಷವಾಗಿತ್ತು. "ನಿಮಗೆ ಹೊರಗಿನ ಅನುಭವ ಇದೆಯಲ್ಲ, ನೀವೇ ಬರೆದರೆ ಚೆನ್ನ" ಎಂದರು. ಆ ಅನುಭವ ಎಂಥದು ಎಂದು ಗೊತ್ತಿದ್ದರೆ ಆ ಪುಣ್ಯಾತ್ಮರು ಬೇರೆ ಯಾರನ್ನಾದರೂ ಹುಡುಕಿಕೊಳ್ಳುತ್ತಿದ್ದರು.

ಮೂರು ದಿನ ಕೂತು ಬರೆದೆ, ಮೂರು ದಿನವೂ ಹರಿದು ಹಾಕಿದೆ. ಹುಡುಗರಿಗೆ ಜನರ ಜೊತೆ ಮಾತಾಡಲು ಬರುವುದಿಲ್ಲ, ಪತ್ರ ಬರೆಯಲು ಬರುವುದಿಲ್ಲ, ತಪ್ಪು ಒಪ್ಪಿಕೊಳ್ಳಲು ಬರುವುದಿಲ್ಲ ಎಂದು ಬರೆಯುವುದೇನೂ ಕಷ್ಟವಲ್ಲ. ಆದರೆ ಪ್ರತಿಯೊಂದು ಸಾಲಿನ ಹಿಂದೆ ನನ್ನದೇ ಮುಖ ಕಾಣುತ್ತಿತ್ತು. ಆದವಾನಿಯಿಂದ ಪೆದ್ದಹರಿವಾಣಕ್ಕೆ ಹೋಗುವ ದಾರಿಯಲ್ಲಿ ಹಳ್ಳದ ಮೇಲೆ ನಾನು ಕಟ್ಟಿಸಿದ, ನೀರು ಹರಿಯಲು ಮೂರು ಕಣ್ಣಿನ ಒಂದು ಮೋರಿ ಅಡ್ಡ ಬಂದು ನಿಲ್ಲುತ್ತಿತ್ತು. ಅದನ್ನು ಟಿಪ್ಪಣಿಯಲ್ಲಿ ಬರೆಯುವ ಧೈರ್ಯ ಆಗ ಬರಲಿಲ್ಲ. ಈಗ ವಯಸ್ಸಾಗಿದೆ, ನಾಚಿಕೆಯೂ ಸ್ವಲ್ಪ ಸವೆದಿದೆ, ಬರೆಯುತ್ತೇನೆ.

ನಾನು ಆದವಾನಿಯಲ್ಲೇ ಹುಟ್ಟಿ ಬೆಳೆದವನು. ಆಗ ನಮ್ಮ ತಾಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅಪ್ಪ ಒಂದು ಹತ್ತಿ ಪ್ರೆಸ್ಸಿನಲ್ಲಿ ಗುಮಾಸ್ತರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದುವೂ ಸೇರಿ ಮೂರೂ ಕಲಸಿದ ಮಾತು. ಹತ್ತಿಯ ಸುಗ್ಗಿಯಲ್ಲಿ ಬೀದಿಯ ತುಂಬ ಬಂಡಿಗಳ ಸಾಲು, ಗಾಳಿಯಲ್ಲಿ ಅರಳೆಯ ನೂಲು. ಲೆಕ್ಕದಲ್ಲಿ ನಾನು ಚುರುಕಿದ್ದೆ ಎಂದು ಅಪ್ಪ ಕಷ್ಟಪಟ್ಟು ನನ್ನನ್ನು ದೂರದ ಪಟ್ಟಣಕ್ಕೆ ಇಂಜಿನಿಯರಿಂಗ್ ಓದಲು ಕಳಿಸಿದರು. ನಮ್ಮ ಬೀದಿಯಿಂದ ಆ ಓದಿಗೆ ಹೋದವರಲ್ಲಿ ನಾನೇ ಮೊದಲನೆಯವನು. ರಜೆಗೆ ಬಂದಾಗ ಅಕ್ಕಪಕ್ಕದ ಹೆಂಗಸರು ನನ್ನ ಟಿ-ಸ್ಕ್ವೇರನ್ನು ಮುಟ್ಟಿ ನೋಡುತ್ತಿದ್ದರು. ನನಗೆ ತಲೆಯ ಮೇಲೆ ಕೊಂಬು ಮೂಡಲು ಅಷ್ಟು ಸಾಕಾಯಿತು.

ಕಾಲೇಜು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಕಮಾನಿನ ಮೇಲೆ ಭಾರ ಎಲ್ಲಿ ಹರಿಯುತ್ತದೆ, ನೀರು ಎಷ್ಟು ವೇಗದಲ್ಲಿ ಹೋದರೆ ಎಷ್ಟು ಅಗಲದ ಕಣ್ಣು ಬೇಕು ಎಂಬುದನ್ನೆಲ್ಲ ಚೆನ್ನಾಗಿಯೇ ಕಲಿಸಿದರು. ನಕ್ಷೆ ಬರೆಯುವಾಗ ಕಲ್ಲಿಗೆ ಒಂದು ಬಣ್ಣ, ಇಟ್ಟಿಗೆಗೆ ಒಂದು ಬಣ್ಣ, ನೆಲಕ್ಕೆ ತಿಳಿ ಕಂದು. ನಾಲ್ಕು ವರ್ಷ ನಾನು ನೆಲವನ್ನು ನೋಡಿದ್ದು ಆ ಕಂದು ಬಣ್ಣವಾಗಿ ಮಾತ್ರ. ಕುಂಚ ಗೆರೆ ದಾಟದಂತೆ ಬಳಿಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಆದರೆ ಅಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಕಲಿಸಿದ್ದು ಎರಡಿತ್ತು. ಪರೀಕ್ಷೆಯಲ್ಲಿ ಗೊತ್ತಿಲ್ಲ ಎಂದು ಬಿಟ್ಟರೆ ಸೊನ್ನೆ. ಗೊತ್ತಿಲ್ಲದಿದ್ದರೂ ಗತ್ತಿನಿಂದ ನಾಲ್ಕು ಸಾಲು ಗೀಚಿದರೆ ಒಂದೆರಡು ಅಂಕವಾದರೂ ಸಿಗುತ್ತಿತ್ತು. ಇನ್ನೊಂದು, ಪಕ್ಕದವನನ್ನು ಕೇಳುವುದು ಅಲ್ಲಿ ಕಳ್ಳತನ. ಡ್ರಾಯಿಂಗ್ ಹಾಲಿನಲ್ಲಿ ತಲೆ ತಿರುಗಿಸಿದರೆ ಹೆಸರು ಕರೆದು ಎಬ್ಬಿಸಿ ನಿಲ್ಲಿಸುತ್ತಿದ್ದರು. ಈ ಎರಡನ್ನೂ ನಾನು ಇತರ ಪಾಠಗಳಿಗಿಂತ ಚೆನ್ನಾಗಿ ಕಲಿತೆ. ಮೊದಲ ದರ್ಜೆಯಲ್ಲಿ ಪಾಸಾಗಿ ಊರಿಗೆ ಬಂದೆ. ರಸ್ತೆ ಮೋರಿಗಳನ್ನು ನೋಡಿಕೊಳ್ಳುವ ಒಂದು ಕಚೇರಿಯಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಯುದ್ಧ ಇನ್ನೂ ಶುರುವಾಗಿರಲಿಲ್ಲ.

ಮೊದಲು ನನ್ನ ಪಾಲಿಗೆ ಬಂದ ಸ್ವತಂತ್ರ ಕೆಲಸವೇ ಆ ಮೋರಿ. ಮಳೆಗಾಲದಲ್ಲಿ ಪೆದ್ದಹರಿವಾಣದ ಕಡೆಯ ಹತ್ತಿ ಬಂಡಿಗಳು ಹಳ್ಳ ದಾಟಲಾಗದೆ ಎರಡು ಮೂರು ದಿನ ನಿಂತುಬಿಡುತ್ತಿದ್ದವು. ನಾನು ಸರಪಳಿ ಹಿಡಿಸಿ ಅಳೆಸಿದೆ. ರಸ್ತೆ ನೇರವಾಗಿ ಹೋಗಿ ಹಳ್ಳವನ್ನು ಕೂಡುವ ಜಾಗದಲ್ಲೇ ಹಳ್ಳದ ಅಗಲವೂ ಕಡಿಮೆ ಇತ್ತು. ಅಲ್ಲಿಗೇ ನಕ್ಷೆ ಬರೆದೆ. ನೇರ ರಸ್ತೆ, ಚಿಕ್ಕ ಮೋರಿ, ನಮ್ಮ ಮೇಲಧಿಕಾರಿಗಳು ಎರಡೇ ನಿಮಿಷದಲ್ಲಿ ರುಜು ಹಾಕಿ "ಚೊಕ್ಕವಾಗಿದೆ" ಎಂದರು. ಆ ಒಂದು ಮಾತನ್ನು ನಾನು ಎಷ್ಟು ದಿನ ಮೆಲುಕು ಹಾಕಿದೆನೋ ಲೆಕ್ಕವಿಲ್ಲ.

ಕಟ್ಟುವ ಕೆಲಸಕ್ಕೆ ಗೊತ್ತಾದವನು ಹಾಲಹರವಿಯ ಕಡೆಯ ಒಬ್ಬ ಮೇಸ್ತ್ರಿ. ವಯಸ್ಸು ಐವತ್ತರ ಹತ್ತಿರ, ತೆಳ್ಳಗಿನ ಆಳು, ಮಾತು ಕಡಿಮೆ. ಸುತ್ತಲ ಊರುಗಳ ಬಾವಿ, ಮೆಟ್ಟಿಲು, ಮೋರಿಗಳಲ್ಲಿ ಅರ್ಧ ಅವನ ಕೈಯವೇ. ಜನ ಅವುಗಳನ್ನು ಅವನ ಹೆಸರಿನಿಂದಲೇ ಕರೆಯುತ್ತಿದ್ದರು. ಅವನ ಜೊತೆಯಲ್ಲಿ ಹೆಂಡತಿಯೂ ಕೆಲಸಕ್ಕೆ ಬರುತ್ತಿದ್ದಳು. ಗಾರೆಯ ಹದ ಅವಳ ಪಾಲಿನ ಕೆಲಸ. ಎತ್ತು ಕಟ್ಟಿದ ಕಲ್ಲಿನ ಗಾಣ ಸುತ್ತುತ್ತಿದ್ದರೆ ಅವಳು ಪಕ್ಕದಲ್ಲಿ ನಿಂತು ಬುಟ್ಟಿಯಲ್ಲಿ ಸುಣ್ಣ ಮರಳು ಅಳೆದು ಹಾಕುತ್ತಿದ್ದಳು. ಲೆಕ್ಕ ತಪ್ಪದಂತೆ ಒಂದೊಂದು ಬುಟ್ಟಿಗೆ ಒಂದೊಂದು ಹುಣಸೆಬೀಜವನ್ನು ಮಡಿಲಲ್ಲಿ ಹಾಕಿಕೊಳ್ಳುವಳು. ನಾನು ಪುಸ್ತಕದ ಪ್ರಮಾಣ ಹೇಳಿದಾಗ ತಲೆಯಾಡಿಸಿ, ಅದಕ್ಕಿಂತ ಸುಣ್ಣ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದಳು. ಆ ಗಾರೆ ಅರೆದ ಮೇಲೆ ಬೆಣ್ಣೆಯ ಹಾಗೆ ಬರುತ್ತಿತ್ತು.

ಪಾಯ ತೋಡಿದ್ದು ಬೇಸಿಗೆಯ ನಡುವೆ. ಆ ಕಡೆಯದೆಲ್ಲ ಎರೆ ನೆಲ, ಹತ್ತಿ ಬೆಳೆಯುವ ಕಪ್ಪು ಮಣ್ಣು. ಬಿಸಿಲಿಗೆ ಬಿರಿದು, ಒಣಗಿ, ಹಾರೆ ಹಾಕಿದರೆ ಠಣ್ ಎನ್ನುತ್ತಿತ್ತು. ಆಳುದ್ದ ಇಳಿದಾಗ ಸುಣ್ಣದ ಹರಳು ಸೇರಿದ ಒಂದು ಗಟ್ಟಿ ಪದರ ಸಿಕ್ಕಿತು. ಹಾರೆಯ ಮೊನೆ ಜಾರಿತು. ನಾನು ಗುಂಡಿಗೆ ಇಳಿದು ಬೂಟುಗಾಲಲ್ಲಿ ತುಳಿದು ನೋಡಿ, "ಇಷ್ಟು ಸಾಕು, ಗಟ್ಟಿ ನೆಲ" ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಮೇಸ್ತ್ರಿ ಮಾತ್ರ ಕೂತು ಆ ಪದರದ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ.

"ಸಾಮಿ, ಇದು ಬ್ಯಾಸಿಗಿ ನೆಲ ಐತ್ರಿ. ಈಗ ಕಲ್ಲಿನಂಗ ಇರತೈತಿ" ಎಂದ. "ಒಂದೀಟು ಮ್ಯಾಲ ಹೋದ್ರ ಹಳ್ಳದಾಗ ಗುಂಡುಗಲ್ಲು ಕಾಣತಾವಲ್ರಿ, ಅಲ್ಲಿ ನೋಡಿದ್ರ ಹೆಂಗಿರತೈತೋ."

"ಅಲ್ಲಿಗೆ ಹೋದ್ರ ರಸ್ತಾ ಸೊಟ್ಟ ಆಗತೈತಿ ಮೇಸ್ತ್ರಿ. ನಕ್ಷಾ ಇಲ್ಲಿಗೇ ಮಂಜೂರಾಗೈತಿ" ಎಂದೆ.

"ಹಂಗಾದ್ರ ಸರಿ ಬಿಡ್ರಿ" ಎಂದು ಮೇಲೆ ಹತ್ತಿಬಂದ.

ಅವನು ಇನ್ನೂ ಒಂದು ಸಲ, ಮರುದಿನ, ಅದೇ ಮಾತನ್ನು ಬೇರೆ ರೀತಿಯಲ್ಲಿ ಹೇಳಿದ. ನಮ್ಮ ಕಡೆ ಕೆಲಸದವರು ಅಧಿಕಾರದಲ್ಲಿದ್ದವರಿಗೆ ಎರಡು ಸಲಕ್ಕಿಂತ ಹೆಚ್ಚು ಹೇಳುವುದಿಲ್ಲ. ನನಗೂ ಒಳಗೆಲ್ಲೋ ಕಸಿವಿಸಿ ಆಗದೆ ಇರಲಿಲ್ಲ. ಎರೆ ನೆಲ ನೀರು ಕುಡಿದರೆ ಉಬ್ಬುತ್ತದೆ ಎಂಬ ಒಂದು ಸಾಲು ಪುಸ್ತಕದಲ್ಲಿ ಇತ್ತು, ಅದಕ್ಕೆ ನಾನು ಗೆರೆ ಕೂಡ ಎಳೆದಿದ್ದೆ. ಆದರೆ ಜಾಗ ಬದಲಿಸಬೇಕೆಂದರೆ ಮೇಲಧಿಕಾರಿಗೆ ಪತ್ರ ಬರೆಯಬೇಕು. ನನ್ನ ನಕ್ಷೆ ಸರಿಯಿಲ್ಲದಿರಬಹುದು, ಮೇಸ್ತ್ರಿ ಹೀಗೆ ಹೇಳುತ್ತಾನೆ, ತಾವು ಬಂದು ನೋಡಬೇಕು ಎಂದು ಬರೆಯಬೇಕು. ಅಂಥ ಪತ್ರವನ್ನು ಹೇಗೆ ಶುರುಮಾಡುತ್ತಾರೆ ಎಂದೇ ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷದ ಓದಿನಲ್ಲಿ ಒಂದು ದಿನವೂ ಯಾರೂ ನನ್ನಿಂದ ಅಂಥ ಪತ್ರ ಬರೆಸಿರಲಿಲ್ಲ. ಒಂದು ಸಂಜೆ ಕಾಗದ ತೆಗೆದು, "ಮಹಾಸ್ವಾಮಿ" ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು, ಮುಂದೆ ತೋಚದೆ ಮಡಿಸಿಟ್ಟೆ.

ಪಾಯಕ್ಕೆ ಕಲ್ಲು ಇಡುವ ದಿನ ಬಂತು. ಬೆಳಿಗ್ಗೆಯೇ ಎಲ್ಲರೂ ಸೇರಿದ್ದರು. ಗುಂಡಿಯ ಈಶಾನ್ಯ ಮೂಲೆಯನ್ನು ಗುಡಿಸಿ, ಅರಿಶಿನ ಕುಂಕುಮ ಹಾಕಿ, ತೆಂಗಿನಕಾಯಿ ಒಡೆದರು. ಮೇಸ್ತ್ರಿ ಕೈಕಾಲು ತೊಳೆದುಕೊಂಡು, ಚೆನ್ನಾಗಿ ಕೆತ್ತಿದ ಒಂದು ಕಲ್ಲನ್ನು ಎತ್ತಿಕೊಂಡ. ಗುಂಡಿಯ ಅಂಚಿನವರೆಗೆ ಹೋದವನು ನಿಂತ. ತಿರುಗಿ ನನ್ನ ಹತ್ತಿರ ಬಂದು ಕಲ್ಲನ್ನು ನನ್ನ ಎರಡೂ ಕೈಗಳಲ್ಲಿ ಇಟ್ಟ.

"ತಾವಾ ಇಡ್ರಿ ಸಾಮಿ" ಎಂದ.

ಸುತ್ತ ಇದ್ದವರ ಮಾತು ನಿಂತಿತು. ಬುಟ್ಟಿ ಹೊತ್ತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟರು. ಗಾಣದ ಎತ್ತನ್ನು ಕೂಡ ಯಾರೋ ನಿಲ್ಲಿಸಿದರು. ನನ್ನ ಎದೆ ಹಿಗ್ಗಿತು. ಇಷ್ಟು ವಯಸ್ಸಾದ ಮನುಷ್ಯ, ಇಷ್ಟು ಹೆಸರು ಮಾಡಿದವನು, ತಾನು ಇಡಬೇಕಾದ ಕಲ್ಲನ್ನು ನನ್ನಂಥ ಇಪ್ಪತ್ತಮೂರರ ಹುಡುಗನಿಗೆ ಕೊಟ್ಟನಲ್ಲ ಎಂದು ಕಣ್ಣು ತೇವವಾಯಿತು. ಇಳಿದು, ಬಗ್ಗಿ, ರಸಮಟ್ಟ ಇಟ್ಟು ನೋಡಿ ಕಲ್ಲನ್ನು ಕೂರಿಸಿದೆ. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ಪ್ರೆಸ್ಸಿನಲ್ಲಿ ನಾಲ್ಕು ಜನರಿಗೆ ಹೇಳಿಕೊಂಡರು. ಅಮ್ಮ ನನ್ನ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.

ಮೋರಿ ಎರಡು ತಿಂಗಳಲ್ಲಿ ಎದ್ದಿತು. ನೋಡಲು ಲಕ್ಷಣವಾಗಿತ್ತು. ಮೇಸ್ತ್ರಿ ಕೆಲಸದಲ್ಲಿ ಒಂದು ಎಳ್ಳಿನಷ್ಟೂ ಕಳ್ಳತನ ಮಾಡಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಒಂದು ಕಮಾನಿನ ಕಲ್ಲು ಕೂದಲೆಳೆಯಷ್ಟು ವಾಲಿದ್ದಕ್ಕೆ ಒಂದು ಸಾಲನ್ನೇ ಬಿಚ್ಚಿಸಿ ಮತ್ತೆ ಕಟ್ಟಿಸಿದ. ಮೊದಲ ಮಳೆಗಳಿಗೆ ಏನೂ ಆಗಲಿಲ್ಲ. ಉತ್ತರೆ ಮಳೆ ನಾಲ್ಕು ದಿನ ಬಿಡದೆ ಹೊಯ್ದಿತು. ಐದನೆಯ ದಿನ ಪೆದ್ದಹರಿವಾಣದಿಂದ ಸುದ್ದಿ ಬಂತು.

ಹೋಗಿ ನೋಡಿದರೆ ನಡುವಿನ ಎರಡು ಕಂಬಗಳಲ್ಲಿ ಒಂದು, ಮೊಳದಷ್ಟು ಕೆಳಗೆ ಹೋಗಿ ಓರೆಯಾಗಿತ್ತು. ಅದರ ಮೇಲಿನ ಕಮಾನುಗಳೆರಡೂ ಬಾಯಿಬಿಟ್ಟಿದ್ದವು. ಪುಣ್ಯಕ್ಕೆ ಮೇಲೆ ಬಂಡಿ ಇರಲಿಲ್ಲ, ಯಾರಿಗೂ ಪೆಟ್ಟಾಗಿರಲಿಲ್ಲ. ಒಡೆದ ಕಡೆ ಇಣುಕಿ ನೋಡಿದೆ. ಕಲ್ಲು ಸೀಳಿತ್ತು, ಗಾರೆ ಬಿಟ್ಟಿರಲಿಲ್ಲ. ಎರಡು ಕಲ್ಲಿನ ನಡುವಿನ ಗಾರೆಯನ್ನು ಉಳಿಯಿಂದ ಕೆದಕಿದರೂ ಏಳಲಿಲ್ಲ. ಅದನ್ನು ನಾನು ನನ್ನ ಕೈಯಿಂದಲೇ ಕೆದಕಿ ನೋಡಿದ್ದೇನೆ. ಪಾಯದ ಕೆಳಗಿನ ಎರೆ ಮಾತ್ರ ಕಲಸಿದ ಹಿಟ್ಟಿನ ಹಾಗೆ ಮೆತ್ತಗಾಗಿತ್ತು.

ವಾಪಸು ಆದವಾನಿಗೆ ಒಂದು ಬಾಡಿಗೆ ಬಂಡಿಯಲ್ಲಿ ಬರುತ್ತಿದ್ದೆ. ಮುಖ ಸಪ್ಪಗಾಗಿತ್ತೇನೋ, ಬಂಡಿಯವನು ಸಮಾಧಾನ ಹೇಳಲು ಬಂದ. "ಪರ್ವಾಲೇದು ಬಿಡ್ರಿ ಸಾರ್. ಅದು ನಿಲ್ಲಂಗಿಲ್ಲ ಅಂತ ಅವತ್ತಾ ಎಲ್ರಿಗೂ ಗೊತ್ತಾತಲ್ರಿ."

"ಯಾವತ್ತು?"

"ಮೇಸ್ತ್ರಿ ಕಲ್ಲು ನಿಮ್ಮ ಕೈಯಾಗ ಕೊಟ್ನಲ್ರಿ, ಅವತ್ತು. ಮೊದಲ ಕಲ್ಲು ಮೇಸ್ತ್ರೀನಾ ಇಡಬೇಕ್ರಿ. ಇಟ್ರ ಆ ಪಾಯ ಅವನ ಜವಾಬ್ದಾರಿ. ಜಾಗ ಮನಸಿಗೆ ಬರಲಿಲ್ಲ ಅಂದ್ರ ಬಾಯಿಲೆ ಏನೂ ಅನ್ನಂಗಿಲ್ಲ, ಕಲ್ಲು ಕಟ್ಟಸೋರ ಕೈಯಾಗ ಕೊಡ್ತಾನ. ನಮ್ಮ ಕಡಿ ಪದ್ಧತಿ ಅಲೇನ್ರಿ ಅದು. ಆವಾಗ ಯಜಮಾನ್ರು ಕಲ್ಲು ಕೆಳಗ ಇಟ್ಟು, ಯಾಕಪ್ಪಾ ಏನು ಅಂತ ಕೇಳಬೇಕ್ರಿ. ನೀವ್ ಇಳದು ಇಟ್ಟಬಿಟ್ರಿ."

ನಾನು ಆದವಾನಿಯಲ್ಲೇ ಹುಟ್ಟಿದವನು. ಹತ್ತು ಮೈಲಿ ಆಚೆಯ ಪದ್ಧತಿ ನನಗೆ ಗೊತ್ತಿರಲಿಲ್ಲ. ಅಷ್ಟು ಜನ ಮಾತು ನಿಲ್ಲಿಸಿದ್ದು ಗೌರವಕ್ಕಲ್ಲ, ನಾನು ಕೇಳುತ್ತೇನೋ ಇಲ್ಲವೋ ಎಂದು ನೋಡುವುದಕ್ಕೆ. ಆಗ ಪಶ್ಚಾತ್ತಾಪ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬಂದದ್ದು ಸಿಟ್ಟು. ಇಡೀ ಊರಿಗೆ ಗೊತ್ತಿದ್ದೂ ನನ್ನೊಬ್ಬನಿಗೆ ಹೇಳಲಿಲ್ಲವಲ್ಲ, ಎಲ್ಲರೂ ನಿಂತು ನನ್ನ ಪೆದ್ದುತನ ನೋಡಿದರಲ್ಲ ಎಂದು ಮೈಯೆಲ್ಲ ಉರಿಯಿತು. ಅಪ್ಪ ಪ್ರೆಸ್ಸಿನಲ್ಲಿ ಹೇಳಿಕೊಂಡದ್ದು ನೆನಪಾಗಿ ಇನ್ನೂ ಉರಿಯಿತು. ಮೇಸ್ತ್ರಿ ಎರಡು ಸಲ ಬಾಯಲ್ಲೇ ಹೇಳಿದ್ದ ಎಂಬುದು ಆ ಉರಿಯಲ್ಲಿ ನನಗೆ ನೆನಪಿಗೆ ಬರಲಿಲ್ಲ, ಅಥವಾ ಬಂದರೂ ಬದಿಗೆ ತಳ್ಳಿದೆ.

ಮೇಲಧಿಕಾರಿಗಳು ಕಾರಣ ಬರೆದುಕೊಡಲು ಹೇಳಿದರು. ನಾಲ್ಕು ಪುಟದ ವರದಿ ಬರೆದೆ. ಇಂಗ್ಲಿಷು ಸೊಗಸಾಗಿತ್ತು. ನೆಲದ ಬಗ್ಗೆ ಒಂದು ಪ್ಯಾರಾ, ಮಳೆ ಎಂದಿಗಿಂತ ಹೆಚ್ಚು ಬಂದ ಬಗ್ಗೆ ಒಂದು ಪ್ಯಾರಾ ಬರೆದು, ಕೊನೆಗೆ ಗಾರೆಯಲ್ಲಿ ಸುಣ್ಣದ ಪ್ರಮಾಣ ನಿಗದಿಗಿಂತ ಕಡಿಮೆ ಇದ್ದಿರಬಹುದೆಂದು ಶಂಕಿಸಲು ಆಸ್ಪದವಿದೆ ಎಂದು ಸೇರಿಸಿದೆ. ಸುಳ್ಳು ಎಂದು ಹಿಡಿಯಲು ಬರದ ಹಾಗೆ ಸುಳ್ಳು ಹೇಳುವ ವಿದ್ಯೆ ಅದು. ಗೊತ್ತಿಲ್ಲ ಎಂದಾಗಲಿ, ತಪ್ಪು ನನ್ನದು ಎಂದಾಗಲಿ ಬರೆಯಲು ನನ್ನ ಕೈ ತಿರುಗಲಿಲ್ಲ. ಉತ್ತರ ಪತ್ರಿಕೆಯನ್ನು ಖಾಲಿ ಬಿಡಬಾರದೆಂದು ಕಲಿತ ಕೈ ಅದು.

ಪದ್ಧತಿಯಂತೆ ಮೇಸ್ತ್ರಿಯನ್ನೂ ಕಚೇರಿಗೆ ಕರೆಸಿದರು. ಆರೋಪ ತನಗೆ ತಿಳಿದಿದೆ, ಅದಕ್ಕೆ ತಾನು ಹೇಳುವುದೇನೂ ಇಲ್ಲ ಎಂಬ ಒಂದು ಕಾಗದಕ್ಕೆ ಅವನ ಹೆಬ್ಬೆಟ್ಟು ಬೇಕಾಗಿತ್ತು. ಓದಿ ಹೇಳಿ ಒತ್ತಿಸಿಕೊಳ್ಳುವ ಕೆಲಸ ನನ್ನದು. ಅವನು ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ನನ್ನ ಮೇಜಿನ ಮುಂದೆ ನಿಂತ.

"ಇದರಾಗ ಏನ್ ಬರದೈತ್ರಿ ಸಾಮಿ?"

"ಮೋರಿ ಕುಸಿದದ್ದು ಬರದೈತಿ."

"ನೀವಾ ಬರದೀರೇನ್ರಿ?"

"ಹೂಂ."

"ಹಂಗಾದ್ರ ಸರಿ ಇರತೈತಿ" ಎಂದು ಹೆಬ್ಬೆಟ್ಟು ಮುಂದೆ ಚಾಚಿದ. ನಾನು ಅದನ್ನು ಶಾಯಿಗೆ ಹಚ್ಚಿ ಕಾಗದದ ಮೇಲೆ ಒತ್ತಿದೆ. ಒರೆಸಿಕೊಳ್ಳಲು ಚೂರು ಬಟ್ಟೆ ಕೂಡ ಕೊಟ್ಟೆ, ಅಷ್ಟು ಸಭ್ಯಸ್ಥ ನಾನು.

ಕಚೇರಿಯ ಕೆಲಸ ಸಿಗುವವರ ಪಟ್ಟಿಯಿಂದ ಅವನನ್ನು ತೆಗೆದುಹಾಕಿದರು. ನನಗೆ ಒಂದು ಎಚ್ಚರಿಕೆಯ ಮಾತು ಹೇಳಿ ಬೇರೆ ಜಿಲ್ಲೆಗೆ ವರ್ಗ ಮಾಡಿದರು. ಯುದ್ಧ ಬಂತು, ಕೆಲಸಗಳು ಬಂದವು, ಮೇಲಿನ ಹುದ್ದೆಗಳೂ ಬಂದವು. ಮೋರಿಯನ್ನು ಬೇರೆ ಯಾರೋ ಮೇಲ್ಗಡೆ, ಗುಂಡುಗಲ್ಲಿದ್ದ ಜಾಗದಲ್ಲಿ ಕಟ್ಟಿದರಂತೆ. ರಸ್ತೆ ಸೊಟ್ಟಗಾಯಿತು, ಯಾರಿಗೂ ಅದರಿಂದ ತೊಂದರೆ ಆಗಲಿಲ್ಲ. ಆ ನಂತರ ನಾನು ಒಬ್ಬ ಕೆಲಸಗಾರನನ್ನೂ ಕೇಳದೆ ಪಾಯ ಹಾಕಿಸಲಿಲ್ಲ ಎಂಬುದು ನಿಜ. ಆದರೆ ಪಾಠ ಕಲಿತವನು ನಾನು, ಅದರ ಬೆಲೆ ಕೊಟ್ಟವನು ಇನ್ನೊಬ್ಬ.

ಪ್ರಿನ್ಸಿಪಾಲರ ಟಿಪ್ಪಣಿಗೆ ಕೂತಾಗ ಇದೆಲ್ಲ ಮೇಲೆ ಬಂತು. ಕೊನೆಗೆ ಒಂದು ಯೋಚನೆ ಹೊಳೆಯಿತು. ಹುಡುಗರು ಮೂರನೆಯ ವರ್ಷಕ್ಕೆ ಹೋಗುವ ಮುಂಚೆ ಒಂದು ಬೇಸಿಗೆ ಒಬ್ಬ ಮೇಸ್ತ್ರಿಯ ಕೈಕೆಳಗೆ ಕೆಲಸ ಮಾಡಬೇಕು. ಅವನ ಮಾತು ಕೇಳಬೇಕು, ಕೇಳಿದ್ದನ್ನು ಬರೆಯಬೇಕು, ಬರೆದದ್ದನ್ನು ಅವನಿಗೇ ಓದಿ ಹೇಳಿ, ಅವನು ಹೌದು ಎಂದರೆ ಮಾತ್ರ ಅಂಕ. ಪರೀಕ್ಷೆಯಲ್ಲಿ ಒಂದು ಪ್ರಶ್ನೆಗಾದರೂ ಗೊತ್ತಿಲ್ಲ, ಇಂಥವರನ್ನು ಕೇಳಿ ಹೇಳುತ್ತೇನೆ ಎಂಬ ಉತ್ತರಕ್ಕೆ ಪೂರ್ತಿ ಅಂಕ ಇರಬೇಕು. ಪ್ರಿನ್ಸಿಪಾಲರು ನಕ್ಕು, "ಮೊದಲು ಒಬ್ಬ ಮೇಸ್ತ್ರಿಯನ್ನು ಕರೆತನ್ನಿ, ನೋಡೋಣ" ಎಂದರು. ನನ್ನ ಮನಸ್ಸಿಗೆ ಬಂದದ್ದು ಒಬ್ಬನೇ. ಅವನನ್ನು ಕಾಲೇಜಿಗೆ ಕರೆತಂದು, ಹುಡುಗರ ಮುಂದೆ ಕುರ್ಚಿ ಹಾಕಿ ಕೂರಿಸಿದರೆ ನನ್ನ ಋಣ ಒಂದಿಷ್ಟು ಇಳಿಯುತ್ತದೆ ಎಂದುಕೊಂಡೆ. ಹಳೆಯ ಕಚೇರಿಗೂ ಬರೆದೆ, ಆ ವರದಿಯಲ್ಲಿ ನಾನು ಬರೆದದ್ದು ತಪ್ಪು, ತಿದ್ದಬೇಕು ಎಂದು. ಆ ಕಡತವನ್ನು ಅವಧಿ ಮುಗಿದ ಕಾರಣ ಸುಟ್ಟುಹಾಕಲಾಗಿದೆ ಎಂದು ಎರಡು ಸಾಲಿನ ಉತ್ತರ ಬಂತು. ತಿದ್ದಲು ಈಗ ಕಾಗದವೇ ಇರಲಿಲ್ಲ.

ಹಾಲಹರವಿಯ ಪಕ್ಕದ ಅವನ ಊರಿಗೆ ನಾನು ಹೋದದ್ದು ಒಂದು ಬೆಳಿಗ್ಗೆ. ಮನೆಯ ಮುಂದೆ ಕೂತು ಒರಳು ಕೆತ್ತುತ್ತಿದ್ದ. ಕೂದಲು ಪೂರ್ತಿ ನೆರೆತಿತ್ತು. ಗುರುತು ಹಿಡಿದು, ಎದ್ದು, ಹೆಗಲ ಮೇಲಿನ ಟವಲಿನಿಂದ ಕಟ್ಟೆಯನ್ನು ಒರೆಸಿ ಕೂರಿಸಿದ. ಹೆಂಡತಿ ಒಂದು ಚೆಂಬು ನೀರು, ಒಂದು ಚೂರು ಬೆಲ್ಲ ತಂದಿಟ್ಟು ಒಳಗೆ ಹೋದಳು, ಮಾತಾಡಿಸಲಿಲ್ಲ. ಈಗ ಮೋರಿ ಬಾವಿ ಕೆಲಸ ಇಲ್ಲ, ಒರಳು, ಬೀಸುವ ಕಲ್ಲು, ದನದ ಬಾನಿ ಇಷ್ಟೇ ಎಂದ. ದೂರಿನ ದನಿ ಇರಲಿಲ್ಲ. ಹಿಂದೆ ಅವನನ್ನು ನೀನು ಎನ್ನುತ್ತಿದ್ದೆ. ಆ ದಿನ ನೀವು ಎಂದೆ, ಅವನಿಗೆ ಅದರಿಂದ ಮುಜುಗರವಾದದ್ದು ಕಾಣುತ್ತಿತ್ತು.

ಕಾಲೇಜಿನ ಮಾತಿಗೆ ಮುಂಚೆ ಇನ್ನೊಂದನ್ನು ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ. "ಮೇಸ್ತ್ರಿ, ಅವತ್ತು ನೀವು ಹೆಬ್ಬೆಟ್ಟು ಒತ್ತಿದ ಕಾಗದದಾಗ ಏನಿತ್ತು ಅಂತ ನಾನು ನಿಮಗ ಓದಿ ಹೇಳಲಿಲ್ಲ. ಗಾರ್‍ಯಾಗ ಸುಣ್ಣ ಕಡಿಮಿ ಇತ್ತು ಅಂತ ನಾನು ಬರದಿದ್ದೆ. ಅದು ಸುಳ್ಳು. ಗಾರಿ ಸರಿ ಇತ್ತು. ನೆಲ ನಾನು ತಪ್ಪು ಆರಿಸಿದ್ದೆ. ಬರಿಯೋ ಮುಂಚೇನಾ ನನಗದು ಗೊತ್ತಿತ್ತು."

ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವನ ಕೈಯಲ್ಲಿದ್ದ ಉಳಿ ನಿಂತಿತು.

"ಗಾರಿ ಸರಿ ಇತ್ತೇನ್ರಿ?" ಎಂದ.

"ಸರಿ ಇತ್ತು. ಒಡದ ಮ್ಯಾಲ ನಾನಾ ಕೆದರಿ ನೋಡೀನಿ. ಕಲ್ಲು ಸೀಳಿದ್ರೂ ಗಾರಿ ಬಿಟ್ಟಿದ್ದಿಲ್ಲ."

ಅವನು ಉಳಿಯನ್ನು ಕೆಳಗಿಟ್ಟ. ಆಮೇಲೆ ನಿಧಾನವಾಗಿ ಹೇಳಿದ. "ನೆಲದ ಮ್ಯಾಲ ನನಗ ಮೊದಲಿಂದ ಅನುಮಾನ ಇತ್ರಿ ಸಾಮಿ. ಅದಕ್ಕಾ ಕಲ್ಲು ನಿಮ್ಮ ಕೈಯಾಗ ಕೊಟ್ಟಿದ್ದೆ. ಆದ್ರ ಗಾರಿ ಖರಾಬ್ ಇತ್ತು ಅಂತ ಇಂಜಿನೀರು ಬರದಾರ ಅಂತ ಆಮ್ಯಾಲ ನನ್ನ ಹೆಸರು ತಗದಾಗ ಕಚೇರ್‍ಯಾಗ ಅಂದ್ರು. ಓದಿದೋರು, ನೋಡೇ ಬರದಿರ್‍ತಾರ, ನೆಲಾನೂ ಖರಾಬ್ ಗಾರೀನೂ ಖರಾಬ್ ಇದ್ದೀತು ಅಂದ್ಕೊಂಡೆ." ಬಾಗಿಲ ಕಡೆ ನೋಡಿದ. "ಗಾರಿ ಅಳದಾಕಿ ಆಕಿ. ಬುಟ್ಟಿ ಲೆಕ್ಕ ತಪ್ಪೀದಿ, ನನ್ನ ಹೆಸರು ಕೆಡಿಸಿದಿ ಅಂತ ಓಣಿ ಮಂದಿ ಮುಂದ ನಿಲ್ಲಿಸಿ ಬೈದೇನ್ರಿ. ಅವತ್ತಿಂದ ಆಕಿನ್ನ ಗಾರಿ ಮುಟ್ಟಗೊಡಲಿಲ್ಲ. ಇಪ್ಪತ್ತು ವರ್ಷ ಅಳದ ಕೈ ಅದು."

ನನಗೆ ಗೊತ್ತಿದ್ದದ್ದು ಒಬ್ಬ ಮನುಷ್ಯನ ಕೆಲಸ ಕಳೆದಿದ್ದೇನೆ ಎಂದು. ಆ ಒಂದು ಸಾಲು ಮನೆಯ ಒಳಗೂ ಹೋಗಿ ಕೂತಿದೆ, ಹತ್ತು ವರ್ಷ ಇಬ್ಬರ ನಡುವೆ ಇದ್ದುಬಿಟ್ಟಿದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಆ ವರದಿ ಬರೆಯುವಾಗ ಗಾರೆ ಅಳೆದವಳು ಒಬ್ಬಳಿದ್ದಾಳೆ ಎಂಬುದು ನನಗೆ ನೆನಪೇ ಆಗಿರಲಿಲ್ಲ.

"ಬಾ ಇಲ್ಲಿ" ಎಂದು ಅವನು ಹೆಂಡತಿಯನ್ನು ಕರೆದ. ಅವಳು ಬಂದು ಬಾಗಿಲಿಗೆ ಒರಗಿ ನಿಂತಳು. "ಸಾಮ್ಯಾರು ಏನ್ ಹೇಳ್ತಾರ ಕೇಳು" ಎಂದ.

ನಾನು ಅದೇ ಮಾತನ್ನು ಎರಡನೆಯ ಸಲ ಹೇಳಬೇಕಾಯಿತು. ಮೊದಲ ಸಲ ಧೈರ್ಯವಿತ್ತು, ಎರಡನೆಯ ಸಲ ಇರಲಿಲ್ಲ. ಗಾರೆ ಸರಿಯಿತ್ತು, ನಿನ್ನ ಅಳತೆ ತಪ್ಪಿರಲಿಲ್ಲ, ನಾನು ಸುಳ್ಳು ಬರೆದೆ ಎಂದು ಹೇಗೋ ಹೇಳಿ ಮುಗಿಸಿದೆ. ಅವಳು ನನ್ನನ್ನು ನೋಡಲೇ ಇಲ್ಲ. ಗಂಡನನ್ನೇ ನೋಡುತ್ತಿದ್ದಳು.

"ನಾ ಹೇಳಿದ್ದಿಲ್ಲೇನು?" ಎಂದಳು.

"ಹೇಳಿದ್ದಿ."

"ಅವತ್ತ ಇವ್ರು ಬರದದ್ದು ನಂಬಿದಿ. ಇವತ್ತ ಇವ್ರು ಹೇಳಿದ್ದು ನಂಬಿದಿ. ನಾ ಹೇಳಿದ್ದು ಎಂದ ನಂಬಿದಿ?"

ದನಿ ಏರಿಸಲಿಲ್ಲ. ನಾನು ಕುಡಿದಿಟ್ಟ ಚೆಂಬನ್ನು ಎತ್ತಿಕೊಂಡು ಒಳಗೆ ಹೋದಳು. ಮೇಸ್ತ್ರಿ ತಲೆ ತಗ್ಗಿಸಿ ಕೂತಿದ್ದ. ನಾನು ಅವನನ್ನು ಕಾಲೇಜಿಗೆ ಕರೆಯಲು ಬಂದಿದ್ದೆ ಎಂಬ ಮಾತನ್ನು ಎತ್ತದೆಯೇ ಎದ್ದು ಬಂದೆ.